ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ನೆಪ ಹೇಳುವವರ ಬಾಯಿ ಮುಚ್ಚಿಸುವುದಕ್ಕೆ ಇದಕ್ಕಿಂತ ಹರಿತವಾದ ಮಾತು ಇನ್ನೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆನು. 1974ರಿಂದ 2008ರವರೆಗೆ, 34 ವರ್ಷಗಳ ಕಾಲ, ನಾನು ಉಪಾಧ್ಯಾಯನಾಗಿದ್ದವನು. ಪೆನ್ಸಿಲು ಮೊಂಡಾಗಿದೆ ಎಂದ ಹುಡುಗನಿಗೂ, ಮಸಿ ಹರಡುತ್ತದೆ ಎಂದ ಹುಡುಗಿಗೂ, ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ ಎಂದವರಿಗೂ ನನ್ನ ಉತ್ತರ ಈ ಗಾದೆಯೊಂದೇ. ತರಗತಿ ಗೊಳ್ಳೆಂದು ನಗುತ್ತಿತ್ತು; ಪಾಠ ಮುಂದೆ ಸಾಗುತ್ತಿತ್ತು.

ಗಾದೆಗಳಲ್ಲಿ ಒಂದು ಅಪಾಯವುಂಟು. ಅವು ಯೋಚನೆಯನ್ನು ಹುಟ್ಟಿಸುವುದಕ್ಕಿಂತ ಮುಗಿಸಿಬಿಡುವುದಕ್ಕೇ ಹೆಚ್ಚಾಗಿ ಉಪಯೋಗಕ್ಕೆ ಬರುತ್ತವೆ. ನೆಲ ನಿಜವಾಗಿಯೂ ಡೊಂಕಾಗಿರಬಹುದೇ ಎಂದು ಬಗ್ಗಿ ನೋಡುವ ಗೋಜಿಗೆ ಆ 34 ವರ್ಷಗಳಲ್ಲಿ ನಾನು ಒಂದು ಸಲವೂ ಹೋಗಲಿಲ್ಲ. ಈ ಇಳಿವಯಸ್ಸಿನಲ್ಲಿ ನನಗೆ ಆ ಪಾಠವನ್ನು ಕಲಿಸಿದವಳು ನನ್ನ ಮೊಮ್ಮಗಳು. ಅವಳ ವಿಷಯವನ್ನು ಹೇಳುವುದಕ್ಕೆ ಮೊದಲು, ಮನಸ್ಸಿನಲ್ಲಿ ಮುಳ್ಳಿನಂತೆ ಮುರಿದು ಉಳಿದಿರುವ ಹಳೆಯ ಸಂಗತಿಯೊಂದನ್ನು ಹೇಳಿಬಿಡಬೇಕು.

1978ರಲ್ಲಿ ನಾನು ಒಂದು ಸಣ್ಣ ಊರಿನ ಮಾಧ್ಯಮಿಕ ಶಾಲೆಯಲ್ಲಿ ಗಣಿತವನ್ನು ಹೇಳಿಕೊಡುತ್ತಿದ್ದೆನು. ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಹುಟ್ಟಿನಿಂದಲೇ ಅವನ ಮೈ ಹಾಲಿನಂತೆ ಬೆಳ್ಳಗೆ. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲವೂ ಮುಸುಕಿನ ಜೋಳದ ತೆನೆಯ ಕೂದಲಿನ ಬಣ್ಣ. ಹುಡುಗರು ಅವನನ್ನು 'ದೊರೆ' ಎಂದು ಹಾಸ್ಯ ಮಾಡುತ್ತಿದ್ದರು. ನಾನೂ ಒಂದೆರಡು ಸಲ ಹಾಗೆಯೇ ಕರೆದದ್ದುಂಟು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ. ಆದರೆ ಹಲಗೆಯ ಮೇಲೆ ಬರೆದ ಲೆಕ್ಕವನ್ನು ಮಾತ್ರ ಅವನು ಒಂದು ದಿನವೂ ಸರಿಯಾಗಿ ಇಳಿಸಿಕೊಳ್ಳುತ್ತಿರಲಿಲ್ಲ. ಎತ್ತರದ ಹುಡುಗನಾದ್ದರಿಂದ ಅವನನ್ನು ಕೊನೆಯ ಬೆಂಚಿನಲ್ಲಿ, ಎಡಗೋಡೆಯ ಪಕ್ಕಕ್ಕೆ ಕೂರಿಸಿದ್ದೆನು. ಅಲ್ಲಿಂದ ಅವನು ಕಣ್ಣನ್ನು ಕಿರಿದು ಮಾಡಿ, ತಲೆಯನ್ನು ಒಂದು ಕಡೆಗೆ ವಾಲಿಸಿ ನನ್ನನ್ನು ನೋಡುತ್ತಿದ್ದನು. ಅದು ಉದ್ಧಟತನವೆಂದು ನಾನು ತಿಳಿದೆನು.

ಒಂದು ಮಧ್ಯಾಹ್ನ, "ಯಾಕೋ ಬರೆದುಕೊಂಡಿಲ್ಲ?" ಎಂದು ಗದರಿಸಿದೆನು. ಅವನು ಎದ್ದು ನಿಂತು, "ಹಲಗೆ ಹೊಳೀತದೆ ಸಾರ್, ಅಕ್ಷರ ಕಾಣಾಕಿಲ್ಲ" ಎಂದನು. ಉಳಿದ 40 ಮಂದಿಗೆ ಕಾಣುವ ಹಲಗೆ ಇವನೊಬ್ಬನಿಗೆ ಹೊಳೆಯುತ್ತದೆಯೇ? ನನ್ನ ಗಾದೆ ನಾಲಗೆಯ ತುದಿಯಲ್ಲಿಯೇ ಇತ್ತು. ಹೇಳಿದೆನು. ಎಲ್ಲರೂ ನಕ್ಕರು. ಅವನೂ ನಗುವುದಕ್ಕೆ ಪ್ರಯತ್ನಿಸಿದಂತೆ ನೆನಪು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕೆಲವು ವಾರಗಳು ಕಾದು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ.

ಇನ್ನು ಮೊಮ್ಮಗಳ ವಿಷಯ. ಅವಳು ತಾಯಿಯ ಹೊಟ್ಟೆಯಲ್ಲಿ ಏಳು ತಿಂಗಳಿದ್ದು ಅವಸರದಿಂದ ಹೊರಗೆ ಬಂದ ಮಗು. ಅಂಥ ಕೆಲವು ಮಕ್ಕಳಲ್ಲಿ ಕಣ್ಣಿನ ಒಳಪರದೆ ಪೂರ್ತಿಯಾಗಿ ಬಲಿತಿರುವುದಿಲ್ಲ. ಕೆಲವರಿಗೆ ಕಾಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ನಮ್ಮ ಮಗುವಿಗೆ ಎರಡೂ ಬಂದವು. ಕನ್ನಡಕ ಹಾಕಿದರೂ ದೃಷ್ಟಿ ಅಲ್ಪ. ನಡೆಯಬೇಕಾದರೆ ವಾಕರ್ ಎಂಬ ನಾಲ್ಕು ಕಾಲಿನ ಚೌಕಟ್ಟನ್ನು ಹಿಡಿದುಕೊಳ್ಳಬೇಕು. ಬುದ್ಧಿಗೆ ಮಾತ್ರ ಯಾವ ಕೊರತೆಯೂ ಇಲ್ಲ. ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಕುಳಿತು ಕಥೆ ಓದುವವಳು, ನನ್ನೊಡನೆ ಚೌಕಾಬಾರ ಆಡಿ ಗೆಲ್ಲುವವಳು.

2022ರ ಜುಲೈ ತಿಂಗಳಲ್ಲಿ, ಅವಳು ಮೂರನೆಯ ತರಗತಿಯಲ್ಲಿದ್ದಾಗ, ಶಾಲೆಯಿಂದ ಒಂದು ಚೀಟಿ ಬಂದಿತು. ಬರವಣಿಗೆ ಬಹಳ ನಿಧಾನ, ಸಾಲು ತಪ್ಪುತ್ತದೆ, ಮಧ್ಯಾಹ್ನ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಕಲಿಕೆಯಲ್ಲಿ ಆಸಕ್ತಿಯಿಲ್ಲ ಎಂದು ಅದರಲ್ಲಿ ಬರೆದಿತ್ತು. ಓದುತ್ತಿದ್ದಂತೆ ನನಗೆ ವಿಚಿತ್ರವಾದ ಅನುಭವವಾಯಿತು. ಆ ವಾಕ್ಯಗಳೆಲ್ಲ ನನಗೆ ಪರಿಚಿತವಾದವು. ಎಷ್ಟೋ ಮಕ್ಕಳ ಪ್ರಗತಿಪತ್ರದಲ್ಲಿ ನನ್ನ ಕೈಯಿಂದಲೇ ಬರೆದಿದ್ದವು. ಈಗ ಅವು ನನ್ನ ಮನೆಗೇ ಹಿಂದಿರುಗಿ ಬಂದಿದ್ದುವು. ಮಗಳು ಅತ್ತಳು. ಅಳಿಯ, "ಮಾವ, ಬೇರೆ ಶಾಲೆ ನೋಡೋಣವೇ?" ಎಂದನು. ನಾನು, "ಮೊದಲು ಒಂದು ದಿನ ಹೋಗಿ ಅವಳ ಪಕ್ಕದಲ್ಲಿ ಕುಳಿತು ಬರುತ್ತೇನೆ" ಎಂದೆನು. ಹಳೆಯ ಮೇಷ್ಟರೆಂಬ ಗೌರವದಿಂದ ಮುಖ್ಯೋಪಾಧ್ಯಾಯರು ಒಪ್ಪಿದರು.

34 ವರ್ಷ ತರಗತಿಯ ಮುಂದೆ ನಿಂತಿದ್ದವನು ನಾನು. ಬೆಂಚಿನಲ್ಲಿ ಕುಳಿತು ತರಗತಿಯನ್ನು ನೋಡಿದ್ದು ಆ ದಿನವೇ. ಮೊದಲು ಕಣ್ಣಿಗೆ ಬಿದ್ದದ್ದು ಅವಳ ಕಾಲು. ಬೆಂಚು ನೆಲದಿಂದ 17 ಅಂಗುಲ ಎತ್ತರ. ಮಗುವಿನ ಮಂಡಿಯಿಂದ ಹಿಮ್ಮಡಿಗೆ 13 ಅಂಗುಲ. ಕಾಲೆರಡೂ ಗಾಳಿಯಲ್ಲಿ ತೂಗಾಡುತ್ತಿದ್ದುವು. ಬೆಂಚಿಗೆ ಒರಗಿಲ್ಲ. ಜಾರಿಬೀಳದಂತೆ ಅವಳು ಎಡಗೈಯಿಂದ ಡೆಸ್ಕಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆದ್ದರಿಂದ ಪುಸ್ತಕವನ್ನು ಹಿಡಿಯುವುದಕ್ಕೆ ಕೈಯಿಲ್ಲ; ಬರೆಯುವಾಗ ಅದು ತಿರುಗುತ್ತಿತ್ತು, ಸಾಲು ತಪ್ಪುತ್ತಿತ್ತು. ಅಕ್ಷರ ಕಾಣಬೇಕಾದರೆ ಮೂಗು ಕಾಗದಕ್ಕೆ ತಗುಲುವಷ್ಟು ಬಗ್ಗಬೇಕು. ಬಗ್ಗಿದರೆ ತನ್ನ ತಲೆಯ ನೆರಳೇ ಪುಸ್ತಕದ ಮೇಲೆ. ಕತ್ತೆತ್ತಿದರೆ ಕರೀಹಲಗೆಯ ಪಕ್ಕದಲ್ಲಿಯೇ ದೊಡ್ಡದೊಂದು ಕಿಟಕಿ. ಅದರ ಬೆಳಕು ನೇರವಾಗಿ ಕಣ್ಣಿಗೆ. ಹನ್ನೆರಡು ಗಂಟೆಯ ಹೊತ್ತಿಗೆ ನನಗೇ ಸೊಂಟ ಹಿಡಿದುಕೊಂಡಿತ್ತು. ಮಗು ಮಧ್ಯಾಹ್ನ ಮಲಗುವುದರಲ್ಲಿ ಆಶ್ಚರ್ಯವೇನಿದೆ? ನಾವು ಅವಳಿಗೆ ಓದು ಬರಹದ ಜೊತೆಗೆ ದಿನವಿಡೀ ಗೋಡೆಯಂಚಿನ ಮೇಲೆ ಕುಳಿತಿರುವ ಕೆಲಸವನ್ನೂ ಒಪ್ಪಿಸಿದ್ದೆವು.

ವೈದ್ಯರು ಮುಂದೆ ಇದನ್ನೇ ಶಾಸ್ತ್ರೋಕ್ತವಾಗಿ ತಿಳಿಸಿದರು. ಪಾದ ನೆಲಕ್ಕೆ ಊರಿ, ಸೊಂಟ ಮಂಡಿಗಳು ಸರಿಯಾಗಿ ಮಡಿದು, ಬೆನ್ನಿಗೆ ಆಸರೆ ಸಿಕ್ಕಿದರೆ ಮಾತ್ರ ಮುಂಡ ನಿಲ್ಲುತ್ತದೆ. ಮುಂಡ ನಿಂತರೆ ಭುಜ ಸಡಿಲವಾಗುತ್ತದೆ. ಭುಜ ಸಡಿಲವಾದರೆ ಬೆರಳು ತನ್ನ ಕೆಲಸಕ್ಕೆ ಹೊರಡುತ್ತದೆ. ಬರವಣಿಗೆ ಪಾದದಿಂದ ಪ್ರಾರಂಭವಾಗುತ್ತದೆಂಬುದನ್ನು ಕಾಪಿ ಬರೆಸುವುದರಲ್ಲಿಯೇ ಆಯುಷ್ಯ ಕಳೆದ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗನನ್ನೂ ಕಂಡೆನು. ಎರಡು ಕಿವಿಗೂ ಶ್ರವಣಯಂತ್ರ ಹಾಕಿದ್ದನು. ಯಾರಾದರೂ ಏಳುವಾಗ ಕೂರುವಾಗ ಬೆಂಚಿನ ಕಬ್ಬಿಣದ ಕಾಲು ನೆಲಕ್ಕೆ ಉಜ್ಜಿ ಕಿರ್ರೆನ್ನುತ್ತಿತ್ತು. ಆಗೆಲ್ಲ ಅವನು ಮುಖ ಕಿವುಚಿ ಕಿವಿ ಮುಚ್ಚಿಕೊಳ್ಳುತ್ತಿದ್ದನು. ಆ ಯಂತ್ರ ಉಪಾಧ್ಯಾಯಿನಿಯ ಮಾತನ್ನು ಹೆಚ್ಚಿಸುವಂತೆಯೇ ಬೆಂಚಿನ ಕಿರುಚಾಟವನ್ನೂ ಫ್ಯಾನಿನ ಸದ್ದನ್ನೂ ಹೆಚ್ಚಿಸುತ್ತದೆ. ಉಪಾಧ್ಯಾಯಿನಿ ಒಳ್ಳೆಯ ಹುಡುಗಿ, ಶ್ರದ್ಧೆಯುಳ್ಳವಳು; ಆದರೆ ಹಲಗೆಯ ಕಡೆಗೆ ಮುಖ ಮಾಡಿ ಬರೆಯುತ್ತ ಮಾತಾಡುತ್ತಿದ್ದಳು. ತುಟಿಯನ್ನು ನೋಡಿ ಅರ್ಧ ಮಾತನ್ನು ಊಹಿಸಿಕೊಳ್ಳುವ ಆ ಹುಡುಗನಿಗೆ ಅವಳ ಜಡೆಯಿಂದ ಯಾವ ಅರ್ಥವೂ ಹೊರಡುತ್ತಿರಲಿಲ್ಲ. ನಾನೂ ಹಾಗೆಯೇ ಮಾಡುತ್ತಿದ್ದವನಲ್ಲವೇ!

ಮನೆಗೆ ಬಂದವನೇ ನಮ್ಮ ಬೀದಿಯ ಬಡಗಿಯನ್ನು ಕರೆಸಿದೆನು. ವಯಸ್ಸಾದ ಆಚಾರಿ, ನಮ್ಮ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮಾಡಿದವನು. ಅಟ್ಟದ ಮೇಲೆ ನನ್ನ ತಂದೆಯವರು ಭಾರತ ಓದುತ್ತಿದ್ದ ವ್ಯಾಸಪೀಠವಿತ್ತು. ಅದನ್ನು ಇಳಿಸಿ, "ಇದರ ಮೇಲೆ ಮಗು ಬರೆಯಬಹುದೇ?" ಎಂದು ಕೇಳಿದೆನು. ಅವನು ಅದನ್ನು ಬಿಚ್ಚಿ ಮಡಿಸಿ ನೋಡಿ, "ಓದೋಕೆ ಇದೇ ಸರಿ ಸ್ವಾಮಿ. ಬರೆಯೋಕೆ ಆಗಕಿಲ್ಲ, ಕೈಯೂರಿದರೆ ಮಡಚಿಕೊಳ್ತದೆ. ಹಿಂದೆ ಶಾನುಭೋಗರ ಮುಂದೆ ಇಳಿಜಾರು ಪೆಟ್ಟಿಗೆ ಇರ್ತಿರಲಿಲ್ಲವಾ, ಆ ಥರದ್ದು ಮಾಡಿಕೊಡ್ತೀನಿ" ಎಂದನು. ನನಗೆ ನಗು ಬಂದಿತು. ವಿದೇಶದ ಪುಸ್ತಕಗಳಲ್ಲಿ ಹೇಳಿರುವ ಉಪಕರಣ ನಮ್ಮ ಶಾನುಭೋಗರ ಮುಂದೆ ನೂರಾರು ವರ್ಷಗಳಿಂದ ಇತ್ತು. ಪುರಾಣ ಓದುವ ಹಿರಿಯರ ಕತ್ತು ನೋಯಬಾರದೆಂದು ವ್ಯಾಸಪೀಠವನ್ನು ಮಾಡಿದವರಿಗೆ, ಪಾಠ ಓದುವ ಮಗುವಿಗೂ ಕತ್ತಿದೆಯೆಂಬುದು ಹೊಳೆಯದೆ ಹೋದದ್ದು ಹೇಗೋ!

ಆಚಾರಿ 18 ಅಂಗುಲದ ಹಲಗೆಯನ್ನು ತೆಗೆದುಕೊಂಡು, ಹಿಂದಣ ಅಂಚು 6 ಅಂಗುಲ ಎತ್ತರ ಬರುವಂತೆ ಇಳಿಜಾರು ಮಾಡಿದನು. ಲೆಕ್ಕ ಹಾಕಿದರೆ ಸುಮಾರು 20 ಡಿಗ್ರಿಯ ಓರೆ. ಪುಸ್ತಕ ಜಾರದಂತೆ ಕೆಳ ಅಂಚಿಗೆ ಒಂದು ಸಣ್ಣ ಪಟ್ಟಿ ಹೊಡೆದನು. ಹಲಗೆಗೆ ಮೆರುಗೆಣ್ಣೆ ಬಳಿಯಹೋದಾಗ ಕಣ್ಣಿನ ವೈದ್ಯರ ಮಾತು ನೆನಪಾಗಿ ನಾನು ತಡೆದೆನು. ಹೊಳಪು ಕಣ್ಣಿಗೆ ಶತ್ರು. ಅದಕ್ಕೆ ಬದಲಾಗಿ ಕಡುಬಣ್ಣದ ಒರಟು ಬಟ್ಟೆಯನ್ನು ಅಂಟಿಸಿದೆವು. ಬಿಳಿಯ ಕಾಗದ ಅದರ ಮೇಲೆ ಎದ್ದು ಕಾಣುತ್ತದೆ, ಜಾರುವುದೂ ಇಲ್ಲ. ಮಗಳು ನೋಟುಪುಸ್ತಕದ ಸಾಲುಗಳನ್ನು ದಪ್ಪನೆಯ ಕಪ್ಪು ಲೇಖನಿಯಿಂದ ತಿದ್ದಿಕೊಟ್ಟಳು. ಪಾಠವನ್ನು 18 ಪಾಯಿಂಟಿನ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆವು. ಪೆನ್ಸಿಲು ಕೈಯಲ್ಲಿ ನಿಲ್ಲಲೆಂದು ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿದೆವು. ಒಟ್ಟು ಖರ್ಚು, ಆಚಾರಿಯ ಕೂಲಿಯೂ ಸೇರಿ, ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಯಷ್ಟಾಯಿತು.

ಇಷ್ಟರಲ್ಲಿ ನಾನೊಂದು ದೊಡ್ಡ ತಪ್ಪನ್ನು ಮಾಡಿದೆನು. ಉತ್ಸಾಹ ಹೆಚ್ಚಾಗಿ, ಕೈಗಳೂ ಒರಗೂ ಕಾಲುಮಣೆಯೂ ಉಳ್ಳ ಒಂದು ಪ್ರತ್ಯೇಕವಾದ ಕುರ್ಚಿಯನ್ನು ಮಾಡಿಸಿದೆನು. ನೋಡುವುದಕ್ಕೆ ಪುಟ್ಟ ಸಿಂಹಾಸನದಂತಿತ್ತು. ಬೆಂಚುಗಳ ಸಾಲಿನಲ್ಲಿ ಅದಕ್ಕೆ ಎಡೆಯಿಲ್ಲದೆ ತರಗತಿಯ ಮೂಲೆಯಲ್ಲಿ, ಬೆಳಕು ಹಿಂದಿನಿಂದ ಬರುವ ಕಡೆ ಹಾಕಿಸಿದೆನು. ಅಳತೆಯೆಲ್ಲ ಸರಿಯಾಗಿತ್ತು. ಸಂಜೆ ಮಗು ಮನೆಗೆ ಬಂದು ಚೀಲವನ್ನು ಇಟ್ಟು ನನ್ನ ಮುಂದೆ ನಿಂತಳು. "ತಾತ, ನಾನೇನು ತಪ್ಪು ಮಾಡಿದೆ?" ಎಂದಳು.

ನನಗೆ ಅರ್ಥವಾಗಲಿಲ್ಲ. "ಯಾಕೆ ಪುಟ್ಟಿ?" ಎಂದೆನು.

"ಮೂಲೇಲಿ ಕೂರಿಸೋದು ತಪ್ಪು ಮಾಡಿದೋರನ್ನ ತಾನೆ?"

ನಮ್ಮ ಶಾಲೆಗಳಲ್ಲಿ ಮೂಲೆಯೆಂಬುದಕ್ಕೆ ಇರುವ ಅರ್ಥವನ್ನು ನನಗಿಂತ ಚೆನ್ನಾಗಿ ಬಲ್ಲವರಾರು? ಎಷ್ಟು ಮಕ್ಕಳನ್ನು ನಾನೇ ಅಲ್ಲಿಗೆ ಕಳುಹಿಸಿರಲಿಲ್ಲ! ನಾನು ಬೆಂಚನ್ನು ಅಳೆದೆನು, ಮಂಡಿಯನ್ನು ಅಳೆದೆನು, ಬೆಳಕನ್ನು ಅಳೆದೆನು. ಮಗುವನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ. ಆ ರಾತ್ರಿ ಕೇಳಿದೆನು. ಅವಳಿಗೆ ಬೇಕಾದದ್ದು ಬಹಳವೇನಲ್ಲ. ಗೆಳತಿಯರಿಬ್ಬರ ಪಕ್ಕದಲ್ಲಿ ಕೂರಬೇಕು. ಊಟದ ಡಬ್ಬಿಯನ್ನು ಅವರೊಡನೆ ತೆರೆಯಬೇಕು. ಹಲಗೆಯನ್ನು ಓದಲಾಗದಿದ್ದರೆ ಮೆಲ್ಲಗೆ ಅವರನ್ನು ಕೇಳಬೇಕು.

ಮಾರನೆಯ ದಿನ ಆಚಾರಿಯನ್ನು ಕರೆದುಕೊಂಡು ಶಾಲೆಗೇ ಹೋದೆನು. ಸಿಂಹಾಸನವನ್ನು ಮನೆಗೆ ಸಾಗಿಸಿ, ಬೆಂಚನ್ನೇ ತಿದ್ದಿದೆವು. ಮುಂದಿನ ಸಾಲಿನ ಬೆಂಚಿಗೆ ಉದ್ದಕ್ಕೂ ಒಂದು ಒರಗುಹಲಗೆ. ಅದರ ಕೆಳಗೆ 4 ಅಂಗುಲ ಎತ್ತರದ ಉದ್ದನೆಯ ಕಾಲುಮಣೆ. ಮಗು ಬೆಂಚಿನ ತುದಿಗೆ ಕುಳಿತರೆ ವಾಕರನ್ನು ಪಕ್ಕದಲ್ಲಿಯೇ ನಿಲ್ಲಿಸಿಕೊಳ್ಳಬಹುದು. ಅದು ಸಲೀಸಾಗಿ ಬರುವಂತೆ ಸಾಲುಗಳ ನಡುವೆ 3 ಅಡಿ ದಾರಿ ಬಿಟ್ಟೆವು. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಒಂದು ಪರದೆ. ಬರೆಯುವ ಇಳಿಜಾರು ಹಲಗೆಯನ್ನು ಡೆಸ್ಕಿನ ಮೇಲೆ ಇಟ್ಟರಾಯಿತು, ತೆಗೆದರಾಯಿತು. ಬಾಗಿಲ ಮುಂದೆ 6 ಅಂಗುಲದ ಒಂದು ಮೆಟ್ಟಿಲಿತ್ತು. ಇಳಿಜಾರು ದಾರಿಗೆ ಒಂದು ಸುಲಭವಾದ ಲೆಕ್ಕವುಂಟು: ಒಂದು ಅಂಗುಲ ಏರಿಗೆ ಒಂದು ಅಡಿ ಉದ್ದ. ಅದರಂತೆ 6 ಅಡಿಯ ಇಳಿಜಾರನ್ನು ಗಾರೆಯವನು ಒಂದು ಭಾನುವಾರದಲ್ಲಿ ಮುಗಿಸಿದನು. ಇದಕ್ಕಿಂತ ಕಡಿದಾಗಿ ಮಾಡಿದರೆ ಅದು ಹತ್ತುವ ದಾರಿಯಾಗದೆ ಜಾರುಬಂಡೆಯಾಗುತ್ತದೆ.

ಆ ಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಕಾಲುಮಣೆಯನ್ನು ಬೆಂಚಿನ ಉದ್ದಕ್ಕೂ ಹಾಕಿದ್ದರಿಂದ ಪಕ್ಕದ ಇಬ್ಬರು ಹುಡುಗಿಯರಿಗೂ ಅದು ಸಿಕ್ಕಿತು. ಅವರ ಕಾಲೂ ಅದುವರೆಗೆ ತೂಗಾಡುತ್ತಲೇ ಇತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ಅವರೂ ಹೇಳಿರಲಿಲ್ಲ. ವಾರದೊಳಗೆ ಹಿಂದಿನ ಬೆಂಚಿನವರು, "ನಮಗೂ ಮಣೆ ಬೇಕು" ಎಂದು ತಕರಾರು ತೆಗೆದರು. ಶ್ರವಣಯಂತ್ರದ ಹುಡುಗನಿಗಾಗಿ ಎಲ್ಲ ಬೆಂಚುಗಳ ಕಾಲಿಗೂ ಹಳೆಯ ಟೈರಿನ ರಬ್ಬರನ್ನು ಕತ್ತರಿಸಿ ಜೋಡು ತೊಡಿಸಿದೆವು, ಕಿರುಚಾಟ ನಿಂತಿತು. ಉಪಾಧ್ಯಾಯಿನಿ, "ಸಾರ್, ಈಗ ಸಾಯಂಕಾಲ ನನಗೆ ತಲೆನೋವು ಬರೋದಿಲ್ಲ" ಎಂದಳು. ಆ ಹುಡುಗನನ್ನು ಅವಳ ಮೇಜಿನ ಸಮೀಪಕ್ಕೆ, ಅವಳ ಮುಖದ ಮೇಲೆ ಬೆಳಕು ಬೀಳುವುದು ಕಾಣುವಂತೆ ಕೂರಿಸಿದೆವು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ನಡುವೆ ಅದು ಅಷ್ಟು ಇಳಿಯದಿದ್ದರೂ ಮಾರ್ದನಿಯೊಡನೆ ಕಲೆಸಿಹೋಗುತ್ತದೆ. ಆದ್ದರಿಂದ ಕೊನೆಯ ಬೆಂಚಿನ ಮಗುವಿಗೂ ಮೊದಲ ಬೆಂಚಿನ ಮಗುವಿಗೂ ಸಿಗುವ ಪಾಠ ಒಂದೇ ಅಲ್ಲ. ಅವಳು ಬರೆದದ್ದನ್ನು ತಿರುಗಿ ನಿಂತು ಗಟ್ಟಿಯಾಗಿ ಓದಿಹೇಳುವ ಅಭ್ಯಾಸ ಮಾಡಿಕೊಂಡಳು. ಅದರಿಂದ ಕಣ್ಣು ಮಂದವಾದ ನಮ್ಮ ಮಗುವಿಗೆ ಹಲಗೆ ಕೇಳಿಸಿತು. ಕಿವಿ ಮಂದವಾದ ಆ ಮಗುವಿಗೆ ಮಾತು ಕಾಣಿಸಿತು.

ಮುಖ್ಯೋಪಾಧ್ಯಾಯರು ನ್ಯಾಯವಂತರು. ಅವರಿಗೆ ಒಂದು ಸಂದೇಹವಿತ್ತು. "ಮೇಷ್ಟ್ರೇ, ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಮಾಡಿದರೆ ಪಕ್ಷಪಾತವಾಗುವುದಿಲ್ಲವೇ? ಶಾಲೆಯಲ್ಲಿ ಎಲ್ಲರೂ ಸಮಾನರಲ್ಲವೇ?" ಎಂದರು. ನಾನು ಅವರ ಮನೆಯ ಊಟವನ್ನು ನೆನಪಿಸಿದೆನು. ಹಲ್ಲಿಲ್ಲದ ತಾಯಿಗೆ ಮೆತ್ತಗಿನ ಅನ್ನ, ಮಗುವಿಗೆ ಖಾರವಿಲ್ಲದ ಸಾರು, ಸಕ್ಕರೆ ರೋಗದವರಿಗೆ ಪಾಯಸವಿಲ್ಲ. ಇದನ್ನು ಯಾವ ಗೃಹಿಣಿಯೂ ಪಕ್ಷಪಾತವೆನ್ನುವುದಿಲ್ಲ. ಎಲ್ಲರ ಹೊಟ್ಟೆಯೂ ತುಂಬಬೇಕೆಂಬುದೇ ಅಲ್ಲಿನ ಸಮಾನತೆ. ಚಪ್ಪಲಿ ಹೊಲಿಯುವವನು ಕಾಲಿನ ಅಳತೆ ಕೇಳುತ್ತಾನೆ; ರವಿಕೆ ಹೊಲಿಯುವವನು ತೋಳಿನ ಅಳತೆ ಕೇಳುತ್ತಾನೆ. ದಿನಕ್ಕೆ ಆರು ಗಂಟೆ ಮಗುವನ್ನು ಕೂರಿಸಿಕೊಳ್ಳುವ ಬೆಂಚು ಮಾತ್ರ ಯಾರ ಅಳತೆಯನ್ನೂ ಕೇಳದೆ ಬಂದು ಕುಳಿತಿರುತ್ತದೆ.

ಇದು ಔದಾರ್ಯದ ಮಾತು ಮಾತ್ರವೂ ಅಲ್ಲ. 1995ರಲ್ಲಿ ಒಂದು ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದಿತು. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆ ಇಂಥ ಮಕ್ಕಳನ್ನು ಉಳಿದವರೊಡನೆ ಸೇರಿಸಿಕೊಂಡು, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದು ಅದು ವಿಧಿಸುತ್ತದೆ. ಕೇಳುವುದಕ್ಕೆ ಪೋಷಕರು ಸಂಕೋಚ ಪಡಬೇಕಾದ್ದಿಲ್ಲ.

ನಮ್ಮ ನಾಡಿಗೆ ಈ ಚಿಂತೆ ಹೊಸದೂ ಅಲ್ಲ. ಮೈಸೂರಿನಲ್ಲಿ ಕುರುಡ ಕಿವುಡ ಮಕ್ಕಳಿಗಾಗಿ 1901ರಲ್ಲಿಯೇ ಶಾಲೆ ಹುಟ್ಟಿತು. 1965ರಲ್ಲಿ ಅದೇ ಊರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಾರಂಭವಾಯಿತು. ಫ್ರಾನ್ಸಿನ ಲೂಯಿ ಬ್ರೈಲ್ ಎಂಬಾತನು ಬಾಲ್ಯದಲ್ಲಿ ತಂದೆಯ ಚರ್ಮದ ಕೆಲಸದ ಅಂಗಡಿಯಲ್ಲಿ ಚೂಪಾದ ಸಲಕರಣೆ ತಗುಲಿ ಕಣ್ಣು ಕಳೆದುಕೊಂಡವನು. ಆರು ಚುಕ್ಕಿಗಳಿಂದ ಅವನು ಕಟ್ಟಿದ ಲಿಪಿ 1829ರಲ್ಲಿ ಪ್ರಕಟವಾಯಿತು. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಏಕರೂಪವಾದ ಭಾರತಿ ಬ್ರೈಲ್ ಬಂದು ಕನ್ನಡದ ಅಕ್ಷರಗಳೂ ಬೆರಳಿಗೆ ನಿಲುಕಿದುವು. ಆದರೆ ಆ ಲಿಪಿಯನ್ನು ಓದುವ ಮಗು ಪಕ್ಕದ ಬೀದಿಯ ಶಾಲೆಗೆ ಬಂದರೆ, ಅವನ ಪುಸ್ತಕ ನಮ್ಮ ಪಂಚಾಂಗದಷ್ಟು ಚಿಕ್ಕದಲ್ಲ; ದಪ್ಪ ಕಾಗದದ ದೊಡ್ಡ ಸಂಪುಟ. ಅದನ್ನು ಬಿಚ್ಚುವಷ್ಟು ಅಗಲವಾದ ಡೆಸ್ಕು ಬೇಕು. ಬರೆಯುವ ಚೂಪುಕಡ್ಡಿ ಉರುಳಿಹೋಗದಂತೆ ಅಂಚಿಗೆ ಒಂದು ಕಟ್ಟೆ ಬೇಕು. ಪ್ರತಿಯೊಂದು ವಸ್ತುವೂ ನಿನ್ನೆ ಇದ್ದಲ್ಲಿಯೇ ಇಂದೂ ಇರಬೇಕು. ಲಿಪಿ ಬಂದರೆ ಸಾಲದು. ಅದನ್ನು ಬಿಚ್ಚಿಡುವ ಜಾಗವೂ ಬರಬೇಕು.

ವಾಚಕರಲ್ಲಿ ಗೃಹಸ್ಥರಾದವರಿಗೆ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಮಗು ಓದಿನಲ್ಲಿ ಹಿಂದೆಬಿದ್ದಿತೆಂಬ ಚೀಟಿ ಬಂದಾಗ, ಅದಕ್ಕೆ ಯಾವ ಊನವೂ ಇಲ್ಲವೆಂದು ನೀವು ತಿಳಿದಿದ್ದರೂ, ಒಂದು ದಿನ ಅದು ಕೂರುವ ಜಾಗದಲ್ಲಿ ಹೋಗಿ ಕುಳಿತುನೋಡಿ. ನಿಮ್ಮ ತಲೆಯನ್ನು ಅದರ ತಲೆಯ ಮಟ್ಟಕ್ಕೆ ಇಳಿಸಿ. ಪಾದ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬರುತ್ತದೆ, ಹಲಗೆ ಎಷ್ಟು ಕಾಣುತ್ತದೆ, ಮಾತು ಎಷ್ಟು ಕೇಳುತ್ತದೆ ಎಂದು ಗಮನಿಸಿ. ಬಡಗಿಯನ್ನು ಕರೆಯುವ ಮೊದಲು ಮಗುವನ್ನು ಕೇಳಿ. ಒಮ್ಮೆ ಮಾಡಿಸಿದರೆ ಮುಗಿಯಿತೆಂದೂ ತಿಳಿಯಬೇಡಿ; ಮಕ್ಕಳು ಬೆಳೆಯುತ್ತಾರೆ. ಒಂದು ವರ್ಷದಲ್ಲಿ ನಮ್ಮ ಮಗುವಿನ ಕಾಲು ಒಂದು ಅಂಗುಲ ಬೆಳೆಯಿತು. ಆಚಾರಿ ಬಂದು ಕಾಲುಮಣೆಯನ್ನು ಒಂದು ಅಂಗುಲ ಇಳಿಸಿದನು.

ಅವಳ ಕಣ್ಣು ಗುಣವಾಗಲಿಲ್ಲ, ಕಾಲು ನೆಟ್ಟಗಾಗಲಿಲ್ಲ. ಬರವಣಿಗೆ ಈಗಲೂ ಗೆಳತಿಯರಷ್ಟು ವೇಗವಾಗಿಲ್ಲ. ಆದರೆ ಮಧ್ಯಾಹ್ನ ಮಲಗುವುದಿಲ್ಲ, ಸಾಲು ತಪ್ಪುವುದಿಲ್ಲ. ಕಳೆದ ಸಲ ಬಂದ ಚೀಟಿಯಲ್ಲಿ, ಪಾಠದ ಹೊತ್ತಿನಲ್ಲಿ ಪಕ್ಕದವರೊಡನೆ ವಿಪರೀತ ಮಾತಾಡುತ್ತಾಳೆಂದು ದೂರು ಇತ್ತು. ಅದನ್ನು ಓದಿ ಮನೆಮಂದಿಯೆಲ್ಲ ಸಂತೋಷಪಟ್ಟೆವು.

ಮೊಮ್ಮಗಳ ಕಣ್ಣನ್ನು ತೋರಿಸಲು ಹೋದಾಗ ನಾನು ವೈದ್ಯರನ್ನು ಆ ಬಿಳಿಯ ಹುಡುಗನ ವಿಷಯ ಕೇಳಿದ್ದೆನು. ಮೈಗೆ ಬಣ್ಣ ಕೊಡುವ ವಸ್ತುವಿನ ಕೊರತೆಯಿಂದ ಹುಟ್ಟುವ ಅಂಥ ಮಕ್ಕಳಿಗೆ ಕಣ್ಣಿನೊಳಗೂ ಆ ವಸ್ತು ಸಾಲದಿರುತ್ತದೆಯಂತೆ. ಬೆಳಕು ಚುಚ್ಚುತ್ತದೆ, ದೂರದ್ದು ಸ್ಪಷ್ಟವಾಗುವುದಿಲ್ಲ, ಕಣ್ಣಿನ ಗುಡ್ಡೆಗಳು ಅಲುಗುತ್ತಿರುತ್ತವೆ. ಆ ಅಲುಗಾಟವನ್ನು ಹತೋಟಿಗೆ ತರುವುದಕ್ಕಾಗಿಯೇ ಹಲವರು ತಲೆಯನ್ನು ವಾಲಿಸುತ್ತಾರೆ. ನಾನು ಉದ್ಧಟತನವೆಂದುಕೊಂಡದ್ದು ಪಾಠವನ್ನು ನೋಡಬೇಕೆಂಬ ಅವನ ಪ್ರಯತ್ನವಾಗಿತ್ತು.

ಕಳೆದ ವರ್ಷ ಒಂದು ಮದುವೆಗೆಂದು ಆ ಊರಿಗೆ ಹೋಗಬೇಕಾಯಿತು. ಅವನ ವಿಷಯವನ್ನು ನಾಲ್ಕಾರು ಮಂದಿಯನ್ನು ವಿಚಾರಿಸಿದೆನು. ಅವನ ಮನೆಯವರು ಎಂದೋ ಊರು ಬಿಟ್ಟರೆಂದಷ್ಟೇ ತಿಳಿಯಿತು. ಶಾಲೆಯ ಕಟ್ಟಡ ಅದೇ ಇತ್ತು. ರಜೆಯ ದಿನ, ಜವಾನನು ಬಾಗಿಲು ತೆರೆದುಕೊಟ್ಟನು. ಮಧ್ಯಾಹ್ನ ಮೂರು ಗಂಟೆ, ನನ್ನ ಗಣಿತ ಪಾಠದ ಹೊತ್ತು. ಸೀಮೆಸುಣ್ಣದ ತುಂಡೊಂದನ್ನು ತೆಗೆದುಕೊಂಡು ಹಲಗೆಯ ಮೇಲೆ ಒಂದು ಭಾಗಾಕಾರದ ಲೆಕ್ಕ ಬರೆದೆನು. ಬಳಿಕ ಹೋಗಿ ಕೊನೆಯ ಬೆಂಚಿನಲ್ಲಿ ಎಡಗೋಡೆಯ ಪಕ್ಕಕ್ಕೆ ಕುಳಿತೆನು.

ಬಲಗಡೆಯ ಕಿಟಕಿಯಿಂದ ಪಡುವಣ ಬಿಸಿಲು ಓರೆಯಾಗಿ ಹಲಗೆಯ ಮೇಲೆ ಬಿದ್ದು ಅಲ್ಲಿಂದ ನೇರವಾಗಿ ಆ ಜಾಗಕ್ಕೆ ಹಾರುತ್ತಿತ್ತು. ಹಲಗೆಯ ಅರ್ಧ ಭಾಗ ಕೆರೆಯ ನೀರಿನಂತೆ ಹೊಳೆಯಿತು. ಒಂದು ನಿಮಿಷದ ಹಿಂದೆ ನನ್ನ ಕೈಯಿಂದಲೇ ಬರೆದ ಲೆಕ್ಕದಲ್ಲಿ ನನಗೆ ಒಂದು ಅಂಕಿಯೂ ಕಾಣಲಿಲ್ಲ. ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣನ್ನು ಕಿರಿದು ಮಾಡಿ ನೋಡಿದೆನು. ಆಗಲೂ ಕಾಣಲಿಲ್ಲ.